ಪ್ರೇಮವ್ವ ಹೇಳುತ್ತಿದ್ದ ಕಾಡುದಾರಿ

ಮೋಟೆಬೆನ್ನೂರಿನ ಪ್ರೇಮವ್ವ ಕಡಲನ್ನು ಮೊದಲ ಸಲ ಕಂಡದ್ದು ಒಂದು ಟೆಂಪೋದ ಹಿಂಬದಿಯಿಂದ, ಜೋಳದ ಹಿಟ್ಟಿನ ಚೀಲಕ್ಕೂ ದೊಡ್ಡ ಪಾತೇಲಿಗೂ ನಡುವೆ ಕೂತುಕೊಂಡು. ಅದು 2003ರ ಡಿಸೆಂಬರ್. ಆಗ ಅವಳಿಗೆ ನಲವತ್ತೊಂದು ವರ್ಷ.

ಗಂಡ ಶೇಖಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬಳೇ ಮಗಳು ಸುಧಾರಾಣಿಯನ್ನು ರಾಣೇಬೆನ್ನೂರಿನ ತಮ್ಮನ ಮನೆಯಲ್ಲಿ ಓದಲು ಬಿಟ್ಟಿದ್ದಳು. ತಾನು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಉಳಿದ ಹೊತ್ತು ಮದುವೆ, ಮುಂಜಿ ಅಂತ ಕರೆದವರ ಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ಎರಡು ದಿನ ಬಿಟ್ಟರೂ ಗಡುಸಾಗುವುದಿಲ್ಲ ಎಂಬ ಮಾತು ಬ್ಯಾಡಗಿಯವರೆಗೂ ಹೋಗಿತ್ತು.

ಆ ಮಾತು ಕೇಳಿಯೇ ಸಿದ್ದಲಿಂಗೇಶ ಮಾಸ್ತರು ಅವಳನ್ನು ಹುಡುಕಿಕೊಂಡು ಬಂದದ್ದು. ಬ್ಯಾಡಗಿಯ ಒಂದು ಪ್ರೌಢಶಾಲೆಯಲ್ಲಿ ಅವರು ಆಟದ ಮಾಸ್ತರು. ಕುಮಟಾ ಕಡೆಯ ಕಾಡಿನಲ್ಲಿ ಮಕ್ಕಳನ್ನು ಮೂರು ದಿನ ಸುತ್ತಾಡಿಸಬೇಕೆಂದು ಹೊರಟಿದ್ದರು. ಘಟ್ಟ ಇಳಿದ ಮೇಲೆ ಸಿಗುವ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಮೊದಲ ಬಿಡಾರ. ಅಲ್ಲಿ ಒಂದು ದಿನ ಹಕ್ಕಿ, ಗಿಡ, ಹಳ್ಳ ನೋಡುವುದು. ಮರುದಿನ ಬೆಳಿಗ್ಗೆ ಹೊರಟು ಕಾಡಿನೊಳಗೇ ನಡೆದು, ಗುಡ್ಡ ಹತ್ತಿ ಇಳಿದು, ಸಂಜೆಗೆ ಕಡಲ ದಂಡೆಯ ಮೀನುಗಾರರ ಊರು ಸೇರುವುದು. ಹುಡುಗಿಯರೂ ಬರುವವರಿದ್ದುದರಿಂದ ಜೊತೆಗೊಬ್ಬ ಹೆಣ್ಣುಮಗಳು ಬೇಕಿತ್ತು.

"ಮೂರ ದಿನದ ಮಾತು ಪ್ರೇಮವ್ವಾರ. ನಲವತ್ತ ಮಂದಿಗೆ ಅಡಗಿ. ಬರ್ತೀರೇನು?" ಎಂದು ಕೇಳಿದರು.

"ಕಾಡಿನ್ಯಾಗ ನಾನೂ ನಡೀಬೇಕೇನ್ರಿ?"

"ನಿಮಗ್ಯಾಕ ಆ ತ್ರಾಸು? ನೀವು ಮಲ್ಲಿಕಸಾಬನ ಟೆಂಪೋದಾಗ ಸಾಮಾನಿನ ಜೋಡಿ ರಸ್ತೇ ಹಿಡದು ಬರ್ರಿ. ಹುಡುಗ್ರು ದಣದು ಬರೂದ್ರಾಗ ಬಿಸಿ ಊಟ ತಯಾರಿರಬೇಕು, ಅಷ್ಟ."

ಆಗ ಅವಳಿಗೆ ನಿರಾಳವೇ ಆಗಿತ್ತು. ಕಾಡೆಂದರೆ ಹಾವು, ಹುಲಿ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು.

ಆದರೆ ಎರಡನೆಯ ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟು, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನಿಂತಾಗ ಅವಳ ಮನಸ್ಸು ಬೇರೆಯೇ ಆಯಿತು. ಶಾಲೆಯ ಹಿಂದೆ ಎರಡು ಮತ್ತಿಮರಗಳ ನಡುವಿನಿಂದ ಒಂದು ಕಾಲುದಾರಿ ಒಳಗೆ ಹೋಗುತ್ತಿತ್ತು. ಮಕ್ಕಳು ಒಬ್ಬರ ಹಿಂದೊಬ್ಬರು ಅದರೊಳಗೆ ಹೊಕ್ಕರು. ಸ್ವಲ್ಪ ಹೊತ್ತು ಮಾತು, ನಗೆ ಕೇಳುತ್ತಿತ್ತು. ಆಮೇಲೆ ಅದೂ ಇಲ್ಲ. ಮಲ್ಲಿಕಸಾಬ ಎರಡು ಸಲ ಹಾರ್ನ್ ಹೊಡೆದ ಮೇಲೆ ಅವಳು ಟೆಂಪೋ ಹತ್ತಿದಳು.

ಸಂಜೆ ದಂಡೆಯ ಊರಿನಲ್ಲಿ ಒಲೆ ಹಚ್ಚಿ ಕೂತಿದ್ದವಳ ಹತ್ತಿರಕ್ಕೆ ಮೊದಲು ಓಡಿಬಂದವಳು ಶ್ವೇತಾ, ಒಂಬತ್ತನೆಯ ಇಯತ್ತೆಯ ಹುಡುಗಿ. ಚಪ್ಪಲಿಯನ್ನೂ ಬಿಡದೆ ಒಲೆಯ ಮುಂದೆ ಕುಕ್ಕರಿಸಿ ಹೇಳತೊಡಗಿದಳು. ಹಾದಿಯಲ್ಲಿ ಎರಡಾಳೆತ್ತರದ ಹುತ್ತ ಐತಂತೆ. ಅದರ ಎಡಕ್ಕೆ ತಿರುಗಬೇಕಂತೆ. ಮುಂದೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸಪ್ಪಳ ಮೊರ ಕೇರಿದ ಹಾಗೆ ಕೇಳುತ್ತದಂತೆ. ಆಮೇಲೆ ಹಳ್ಳ. ಅದರ ಮೇಲೆ ಮರದ ದಿಮ್ಮಿಗಳನ್ನು ಅಡ್ಡ ಹಾಕಿದ ಸಂಕ. ಅಲ್ಲಿಂದ ಏರು. ಏರು ಮುಗಿದಲ್ಲಿ ಕೆಂಪು ಚಿರೆಕಲ್ಲಿನ ಹಾಸು.

"ಅಲ್ಲಿ ನಿಂತ್ರ ಅಮ್ಮಾರ, ಗಿಡದ ಸಂದ್ಯಾಗ ಒಮ್ಮಿಗೇ ಕಡಲು! ಕೆಳಗ, ಅಷ್ಟೂ ಕಡಲು!"

ಪ್ರೇಮವ್ವ ಹಿಂತಿರುಗಿ ನೋಡಿದಳು. ಅದೇ ಕಡಲು ಐವತ್ತು ಹೆಜ್ಜೆ ದೂರದಲ್ಲಿ ಇತ್ತು. ಮಧ್ಯಾಹ್ನದಿಂದಲೂ ಅದರ ಮುಂದೆಯೇ ಬದನೆಕಾಯಿ ಹೆಚ್ಚಿದ್ದಳು. ಯಾಕೋ ಆ ಹುಡುಗಿ ಕಂಡ ಕಡಲೇ ಬೇರೆ ಅನ್ನಿಸಿತು.

ಆ ಸಂಕ್ರಾಂತಿಗೆ ಸುಧಾರಾಣಿ ಊರಿಗೆ ಬಂದಳು. ಅವಳಿಗೆ ಹದಿನೈದು ವರ್ಷ. ಮಾವನ ಮನೆಯ ಮಹಡಿ, ಟೀವಿ ಅಭ್ಯಾಸವಾಗಿ, ಅವ್ವನ ಎರಡು ಖೋಲಿಯ ಮನೆಯಲ್ಲಿ ನೆಂಟಳ ಹಾಗೆ ಕೂತಿರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಹಾಂ. ಪಕ್ಕದ ಮನೆಯ ಕರಿಯವ್ವ ಬಂದು, "ಕಾಡಿನ್ಯಾಗ ಏನೇನ ನೋಡಿ ಬಂದಿ ಹೇಳಲಾ," ಅಂದಳು. ಪ್ರೇಮವ್ವ ಹುತ್ತದಿಂದ ಶುರುಮಾಡಿದಳು. ಮೊದಮೊದಲು "ಹುಡುಗ್ರು ಹೋದ್ರು, ಹುಡುಗ್ರು ನೋಡಿದ್ರು" ಎಂದೇ ಹೇಳುತ್ತಿದ್ದಳು. ಮೂಲೆಯಲ್ಲಿದ್ದ ಸುಧಾರಾಣಿ ಪುಸ್ತಕ ಕೆಳಗಿಟ್ಟು ಹತ್ತಿರ ಸರಿದಳು.

"ಅವ್ವಾ, ನೀನೂ ನಡದೆ?"

ಮಗಳು ಹಾಗೆ ಕಣ್ಣರಳಿಸಿ ತನ್ನನ್ನು ನೋಡಿ ಎಷ್ಟು ದಿನವಾಗಿತ್ತೋ.

"ನಡದೆ ಮತ್ತ," ಅಂದಳು ಪ್ರೇಮವ್ವ. ಅಲ್ಲಿಂದ ಮುಂದೆ 'ಹೋದರು' ಎಂಬುದು 'ಹೋದಿವಿ' ಆಯಿತು, 'ನೋಡಿದರು' ಎಂಬುದು 'ನೋಡಿದಿವಿ' ಆಯಿತು.

ಮುಂದಿನ ಎರಡು ವರ್ಷವೂ ಅವಳು ಅಡುಗೆಗೆ ಹೋದಳು. ಪ್ರತಿ ಸಂಜೆ ಮಕ್ಕಳನ್ನು ಒಲೆಯ ಸುತ್ತ ಕೂರಿಸಿಕೊಂಡು ಬಿಡದೆ ಕೇಳುತ್ತಿದ್ದಳು. ಬೆತ್ತದ ಮೆಳೆ ಯಾವ ಕಡೆ ಬಂತು? ಹಳ್ಳದಲ್ಲಿ ನೀರು ಎಷ್ಟಿತ್ತು? ಒಬ್ಬ ಹುಡುಗ ಹುತ್ತದ ಬಲಕ್ಕೆ ತಿರುಗಿದೆವು ಎಂದಾಗ, "ಬಲಕ್ಕಲ್ಲೋ, ಎಡಕ್ಕ!" ಎಂದು ಅವಳೇ ತಿದ್ದಿದಳು. ಊರಲ್ಲಿ ರೊಟ್ಟಿ ಬಡಿಯುವಾಗ ಹೆಂಗಸರು ಅದನ್ನೇ ಹೇಳು ಅನ್ನುತ್ತಿದ್ದರು. ರಜೆಗೆ ಬಂದ ಮಗಳು ಅವ್ವನ ಮಗ್ಗುಲಲ್ಲಿ ಮಲಗಿ, "ಆ ಏರಿನ ಮ್ಯಾಲಿಂದು ಹೇಳವ್ವಾ," ಅನ್ನುತ್ತಿದ್ದಳು. ಹೇಳಿದಷ್ಟೂ ಪ್ರೇಮವ್ವನಿಗೆ ಆ ದಾರಿಯ ಆಸೆ ಹೆಚ್ಚಾಯಿತು. ಬಿಸಿಯೂಟದ ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಕಾಲು ತಾನಾಗಿ ಎರಡು ಮತ್ತಿಮರಗಳ ನಡುವೆ ಹೊಕ್ಕಂತಾಗುತ್ತಿತ್ತು.

ಮೂರನೆಯ ವರ್ಷ ಧೈರ್ಯ ಮಾಡಿ ಕೇಳಿಯೇಬಿಟ್ಟಳು. "ಸರ, ಒಮ್ಮೆ ನಾನೂ ಇವರ ಜೋಡಿ ನಡಕೊಂತ ಬರ್ಲೇನ್ರಿ?"

ಮಾಸ್ತರು ಅವಳ ಮುಖ ನೋಡಿದರು. ಆಸೆ ಅವರಿಗೆ ತಿಳಿಯಿತು. "ಈ ಸಲ ಅಡಗೀಗೆ ಬ್ಯಾರೆ ಯಾರೂ ಇಲ್ಲ ಪ್ರೇಮವ್ವಾರ. ಮುಂದಿನ ವರ್ಷ ಇನ್ನೊಬ್ಬರನ್ನ ಕರಕೊಂಡು ಬರೂಣು. ನೀವು ನನ್ನ ಮುಂದ ನಡೀರಿ, ಖರೇ."

ಮುಂದಿನ ಜೂನ್‌ನಲ್ಲಿ ಮಾಸ್ತರಿಗೆ ಶಿಗ್ಗಾವಿ ಕಡೆ ವರ್ಗವಾಯಿತು. ಹೋಗುವಾಗ ಮನೆಗೆ ಬಂದು ಹೇಳಿಹೋದರು. ಅವರ ಜಾಗಕ್ಕೆ ಬಂದವರಿಗೆ ನಡಿಗೆಯ ಹುಚ್ಚಿರಲಿಲ್ಲ. ಡಿಸೆಂಬರ್ ಬಂತು, ಟೆಂಪೋ ಬರಲಿಲ್ಲ. ಪ್ರೇಮವ್ವ ಹಿಟ್ಟು ಬೀಸಿಸಿಕೊಂಡು ಬಂದು ಡಬ್ಬಿ ತುಂಬಿಟ್ಟಿದ್ದಳು. ಸಂಕ್ರಾಂತಿಯವರೆಗೂ ಅದು ಹಾಗೇ ಇತ್ತು.

ಹೀಗೆ ವರ್ಷಗಳು ಹೋದವು. ಸುಧಾರಾಣಿ ಪಿಯುಸಿ ಮುಗಿಸಿ ಊರಿಗೆ ಮರಳಿದಳು. ಹಾವೇರಿಯಲ್ಲಿ ಹೊಲಿಗೆ ಕಲಿತು ಅಲ್ಲೇ ಒಂದು ಅಂಗಡಿಗೆ ಕೆಲಸಕ್ಕೆ ಹೋಗತೊಡಗಿದಳು. 2008ರ ದೀಪಾವಳಿಯ ಹೊತ್ತಿಗೆ ಕುಪ್ಪೇಲೂರಿನ ಒಂದು ಒಕ್ಕಲುತನದ ಮನೆತನಕ್ಕೆ ಅವಳನ್ನು ಕೊಡುವುದೆಂದು ಮಾತಾಯಿತು. ಮದುವೆ ಬೇಸಿಗೆಗೆ. ಹದಿನಾಲ್ಕು ಮಂದಿಯ ತುಂಬಿದ ಮನೆ. ನಿಶ್ಚಯದ ಮರುದಿನ ಸುಧಾರಾಣಿ, "ಅವ್ವಾ, ನನಗ ಒಂದ ಬೇಕು," ಅಂದಳು.

"ಏನವ್ವಾ?"

"ನೀ ನಡದ ಹಾದಿ ಐತಲ್ಲ, ಅದರಾಗ ನನ್ನ ಒಮ್ಮೆ ಕರಕೊಂಡ ಹೋಗು. ಆಮ್ಯಾಲ ಅವರು ನನ್ನ ಎಲ್ಲಿಗಾದ್ರೂ ಕಳಸ್ತಾರೋ, ಇಲ್ಲೋ."

ಪ್ರೇಮವ್ವ ಆಗಲೇ ನಿಜ ಹೇಳಬಹುದಿತ್ತು. ಆದರೆ ಹೋಗುವ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು. "ಹೋಗೂಣು," ಅಂದಳು.

ಜನವರಿಯ ಒಂದು ಶನಿವಾರ ತಾಯಿ ಮಗಳು ಹಾವೇರಿಯಿಂದ ಶಿರಸಿ ಬಸ್ಸು ಹಿಡಿದು, ಅಲ್ಲಿಂದ ಘಟ್ಟ ಇಳಿದು ಸಂಜೆಗೆ ಆ ಹಳ್ಳಿ ಸೇರಿದರು. ಶಾಲೆಯ ಪಕ್ಕದ ಮನೆಯ ಗಣಪಿ, ಹಿಂದೆ ಬಿಡಾರಕ್ಕೆ ನೀರಿನ ಕೊಡ ಕೊಡುತ್ತಿದ್ದವಳು, ನೋಡಿದ ಕೂಡಲೇ ಗುರುತು ಹಿಡಿದಳು. "ರೊಟ್ಟಿ ಅಮ್ಮ ಅಲ್ದ!" ಎಂದು ಕೈಹಿಡಿದು ಒಳಗೆ ಕರೆದಳು. ನಾಳೆ ನಡೆದು ದಂಡೆಗೆ ಹೋಗುತ್ತೇವೆ ಎಂದಾಗ ಅವಳಿಗೆ ನಗು ಬಂತು.

"ಅಂತೂ ಈ ವರ್ಷ ನಡೀತ್ರಿ! ಪ್ರತಿ ಸಲ ಗಾಡಿ ಮೇಲೆ ಕೂತು ಹೋಗುವವರು ನೀವು. ಒಂದು ದಿನವೂ ಆ ದಾರಿ ತುಳಿದವರಲ್ಲ."

ಪ್ರೇಮವ್ವ ಮಗಳ ಕಡೆ ನೋಡಲಿಲ್ಲ. ಸುಧಾರಾಣಿ ಗಂಜಿಯ ಬಟ್ಟಲು ಕೆಳಗಿಟ್ಟಳು. ಊಟವಾಯಿತು, ಹಾಸಿಗೆ ಹಾಸಿದರು. ಮಗಳು ಅದರ ಮಾತೇ ಎತ್ತಲಿಲ್ಲ.

ಬೆಳಿಗ್ಗೆ ಮತ್ತಿಮರಗಳ ನಡುವೆ ಹೊಕ್ಕಾಗ ಪ್ರೇಮವ್ವ ಮುಂದಿದ್ದಳು. ಕಾಲಡಿ ತರಗೆಲೆ ಇಬ್ಬನಿಯಲ್ಲಿ ನೆನೆದು ಮೆತ್ತಗಿತ್ತು. ಮೋಟೆಬೆನ್ನೂರಿನ ಕರಿಮಣ್ಣಿನಲ್ಲಿ ಬೆಳೆದವಳಿಗೆ ಇಷ್ಟು ಹಸಿರು ನೆರಳು ತಲೆಯ ಮೇಲೆ ಕೂಡಿಕೊಂಡಿರುವುದೇ ಸೋಜಿಗ. ಅರ್ಧ ತಾಸು ನಡೆದರು. "ಈಗ ಹುತ್ತ ಬರ್ತೈತಿ," ಅಂದಳು ಪ್ರೇಮವ್ವ, ದನಿ ಸಣ್ಣದು ಮಾಡಿ. ಬಂತು. ಕೆಂಪಗೆ, ಎರಡಾಳೆತ್ತರ. ಅವಳು ಅದನ್ನು ಅಂಗೈಯಿಂದ ಮುಟ್ಟಿದಳು. "ಎಡಕ್ಕ," ಅಂದಳು. ಎಡಕ್ಕೇ ದಾರಿ ಇತ್ತು. ಬೆತ್ತದ ಮೆಳೆ ಬಂತು. ಮಂಗಟ್ಟೆ ಹಕ್ಕಿ ಮಾತ್ರ ಬರಲಿಲ್ಲ. ಅವಳು ಎರಡು ಕಡೆ ನಿಂತು ಕಿವಿಗೊಟ್ಟಳು.

ಹಳ್ಳದ ಹತ್ತಿರ ಸಂಕವಿರಲಿಲ್ಲ. ಯಾವುದೋ ಮಳೆಗಾಲ ಕೊಚ್ಚಿಕೊಂಡು ಹೋಗಿತ್ತು. ಒಂದು ದಿಮ್ಮಿ ಕೆಳಗೆ ಬಂಡೆಗೆ ಸಿಕ್ಕಿಕೊಂಡು ಬಿದ್ದಿತ್ತು. ಆಚೆ ದಡದಲ್ಲಿ ದಾರಿ ಎಲ್ಲಿ ಹತ್ತುತ್ತದೆಂದು ಕಾಣಿಸಲಿಲ್ಲ. ಇದನ್ನು ಯಾವ ಮಗುವೂ ಅವಳಿಗೆ ಹೇಳಿರಲಿಲ್ಲ. ಪ್ರೇಮವ್ವ ದಡದಲ್ಲಿ ಕೂತುಬಿಟ್ಟಳು.

"ಸುಧಾ, ನಾ ನಿನಗ ಸುಳ್ಳ ಹೇಳೇನವ್ವಾ. ನಾ ಈ ಹಾದ್ಯಾಗ ಒಂದ ಹೆಜ್ಜೀನೂ ನಡದಾಕಿ ಅಲ್ಲ."

"ನಿನ್ನೆ ಕೇಳಿದೆ."

"ಮತ್ತ ಸುಮ್ಮಕ ಯಾಕ ಬಂದಿ?"

ಸುಧಾರಾಣಿ ಪಕ್ಕದಲ್ಲಿ ಕೂತಳು. "ರಾತ್ರಿ ಸಿಟ್ಟ ಬಂದಿತ್ತು. ಬೆಳಿಗ್ಗೆ ಎದ್ದ ಕೂಡಲೇ ಊರಿಗೆ ಹೋಗೂಣು ಅನ್ನಾಕಿ ಇದ್ದೆ. ನೀ ಆಗಲೇ ಎದ್ದು, ಬುತ್ತಿ ಕಟ್ಟಿಕೊಂಡು, ಆ ಗಿಡಗೋಳ ಕಡೆ ನೋಡಕೊಂತ ನಿಂತಿದ್ದಿ. ನಿನ್ನ ಮಾರಿ ನೋಡಿದ ಮ್ಯಾಲ ನನಗ ಬಾಯಿ ಬರಲಿಲ್ಲ." ಚಪ್ಪಲಿ ಬಿಚ್ಚುತ್ತ ಕೇಳಿದಳು, "ಯಾಕ ಹಂಗ ಹೇಳಿದಿ?"

"ನೀ ನನ್ನ ಮಗ್ಗಲಕ ಬಂದ ಕುಂತಿ. ಅದಕ."

ಸುಧಾರಾಣಿ ಎದ್ದು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿದಳು. ನೀರು ತೊಡೆಯ ಕೆಳಗೇ ಇತ್ತು. ನಡುವೆ ನಿಂತು ಹಿಂದಕ್ಕೆ ಕೈ ಚಾಚಿದಳು. "ಬಾ. ಇಲ್ಲಿಂದ ಮುಂದ ಇಬ್ಬರಿಗೂ ಹೊಸಾದ."

ಆಚೆ ದಡದಲ್ಲಿ ಹುಡುಕಾಡಿ ದಾರಿ ಹಿಡಿದರು. ಏರು ಕಡಿದಾಗಿತ್ತು. ಪ್ರೇಮವ್ವ ಬೇರು ಹಿಡಿದು, ಮಗಳ ಭುಜ ಹಿಡಿದು, ನಾಲ್ಕು ಕಡೆ ಕೂತು ಎದ್ದು ಹತ್ತಿದಳು. ಮೇಲೆ ಚಿರೆಕಲ್ಲಿನ ಹಾಸು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಕಡಲು ಶ್ವೇತಾ ಹೇಳಿದ ಹಾಗೆ ಒಮ್ಮೆಲೇ ಬರಲಿಲ್ಲ. ಮೊದಲು ಮರದ ಬೊಡ್ಡೆಗಳ ನಡುವೆ ಬೆಳಕು ಹೆಚ್ಚಾಯಿತು. ಆಮೇಲೆ ಗಾಳಿಯ ರುಚಿ ಬದಲಾಯಿತು. ಆಮೇಲೆ ಆಕಾಶದ ಕೆಳಗೆ ಒಂದು ನೀಲಿ ಪಟ್ಟಿ. ಮುಂದೆ ಮುಂದೆ ಹೋದಂತೆ ಅದು ಅಗಲವಾಗುತ್ತ, ಕಾಲಕೆಳಗಿನ ಕಾಡು ಮುಗಿದಲ್ಲಿಂದ ಕಣ್ಣು ಹೋಗುವವರೆಗೂ ಹಾಸಿಕೊಂಡಿತು. ಒಂದು ದೋಣಿ ಇತ್ತು. ಅದು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

ಪ್ರೇಮವ್ವ ಅಳುತ್ತಾಳೆಂದು ಸುಧಾರಾಣಿ ಎಣಿಸಿದ್ದಳು. ಅಳಲಿಲ್ಲ. ಕಲ್ಲಿನ ಮೇಲೆ ಕಾಲು ಚಾಚಿ ಕೂತು, "ನಿಮ್ಮಪ್ಪ ಬ್ಯಾಡಗಿ ಬಿಟ್ಟು ಎಲ್ಲೂ ಹೋಗಲಿಲ್ಲ," ಅಂದಳು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದರು. ಸುಧಾರಾಣಿ ಬಸ್ಸಿನ ಹೊತ್ತು ನೆನಪಿಸಿದಳು. "ಇನ್ನೊಂದೀಟು ಕುಂದ್ರೂಣು," ಅಂದಳು ಪ್ರೇಮವ್ವ. ಮತ್ತೊಮ್ಮೆ ನೆನಪಿಸಿದಾಗಲೂ ಅದನ್ನೇ ಅಂದಳು. ಕಡೆಗೆ ಅವರು ಇಳಿದದ್ದು ಬಿಸಿಲು ಬಾಡಿದ ಮೇಲೆ. ಕುಮಟಾದಿಂದ ಹೊರಡುವ ಬಸ್ಸು ತಪ್ಪಿತು. ಆ ರಾತ್ರಿ ಬಸ್‌ಸ್ಟ್ಯಾಂಡಿನಲ್ಲೇ ಕಳೆದು ಮರುದಿನ ಊರು ಸೇರಿದರು.

ಊರಿಗೆ ಬಂದ ಮೇಲೆ ಪ್ರೇಮವ್ವ ಮೊದಲು ಕರಿಯವ್ವನಿಗೆ ನಿಜ ಹೇಳಿದಳು. ಕರಿಯವ್ವ ನಕ್ಕು, "ಅದಕ್ಕೇನಾತು, ಚಲೋ ಹೇಳತಿದ್ದಿ," ಅಂದಳು. ವಿಚಿತ್ರವೆಂದರೆ ನಿಜವಾಗಿ ನಡೆದು ಬಂದ ಮೇಲೆ ಅವಳಿಗೆ ಆ ದಾರಿಯನ್ನು ಮೊದಲಿನಂತೆ ಹೇಳಲು ಬರಲಿಲ್ಲ. ಹೆಂಗಸರು ಕೇಳಿದರೆ ಎರಡು ಮಾತು ಆಡಿ ನಿಲ್ಲಿಸಿಬಿಡುತ್ತಿದ್ದಳು. ರೊಟ್ಟಿ ಬಡಿಯುವ ಸಪ್ಪಳವಷ್ಟೇ ಉಳಿಯುತ್ತಿತ್ತು.

ಮೇ ತಿಂಗಳಲ್ಲಿ ಸುಧಾರಾಣಿಯ ಮದುವೆಯಾಯಿತು. ಕುಪ್ಪೇಲೂರಿನವರು ಒಳ್ಳೆಯ ಮಂದಿ. ಆದರೆ ತುಂಬಿದ ಮನೆ, ಮುಗಿಯದ ಕೆಲಸ. ತವರಿಗೆ ಬರುವುದು ವರ್ಷಕ್ಕೆ ಎರಡು ಸಲ. ಉಳಿದಂತೆ ಗಂಡನ ಮೊಬೈಲಿನಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಳೆ, ಆಕಳು, ಮೈದುನನ ಪರೀಕ್ಷೆ, ಎಲ್ಲ ಆದ ಮೇಲೆ ಸುತ್ತ ಯಾರೂ ಇಲ್ಲವೆಂದರೆ ದನಿ ತಗ್ಗಿಸಿ ಕೇಳುತ್ತಾಳೆ, "ಅವ್ವಾ, ಮತ್ತ ಯಾವಾಗ ಹೋಗೂಣು?"

"ನಿನಗ ಯಾವಾಗ ಬಿಡುವಾಗತೈತಿ, ಹೇಳು," ಅನ್ನುತ್ತಾಳೆ ಪ್ರೇಮವ್ವ.

ಆ ಕಡೆಯಿಂದ ಯಾರೋ ಸುಧಾರಾಣಿಯನ್ನು ಕೂಗುತ್ತಾರೆ. ಬಂದೆ ಎನ್ನುತ್ತ ಅವಳು ಫೋನು ಇಡುತ್ತಾಳೆ.