ರಸ್ತೆ ತಡೆದ ಕೆಂಪು ಕಾರು

ಹುಕ್ಕೇರಿ ರಸ್ತೆಯ ದೊಡ್ಡ ತಗ್ಗು ಮುಚ್ಚಿಸಲೆಂದು ನಮ್ಮ ಸಂಘಟನೆಯವರೆಲ್ಲ ರಸ್ತೆಗೆ ಅಡ್ಡ ಕೂತಿದ್ದೆವು. ಆ ತಗ್ಗಿನ ನೆಪ ಹೇಳಿ ಸಾಲಿ ಮಕ್ಕಳ ಬಸ್ಸನ್ನೇ ನಿಲ್ಲಿಸಿದ್ದರು. ಕೂಗಿ ಕೂಗಿ ಗಂಟಲು ಬಿದ್ದರೂ ಒಬ್ಬ ಅಧಿಕಾರಿಯೂ ಬರಲಿಲ್ಲ. ಬಂದದ್ದು, ಹೊಟ್ಟೆ ನೆಲಕ್ಕೆ ತಾಗುವಂಥ ಕೆಂಪು ಸ್ಪೋರ್ಟ್ಸ್ ಕಾರು.

ಮಾಲೀಕ ಜರ್ಮನಿ, ದುಬೈಗಳಲ್ಲಿ ದುಡಿದು ಬಂದ ಗೋಕಾಕದವನು. "ಗಾಡಿ ಇಷ್ಟ್ಯಾಕ ತಗ್ಗಿಸೀರಿ?" ಎಂದೆ.

"ಶೋಕಿಗ್ರಿ. ಜರ್ಮನ್ಯಾಗ ಹಿಂಗ ತಗ್ಗಿಸಾಕ ಸ್ಪ್ರಿಂಗ್ ಬದಲಿಸಿದ್ರೂ ತಪಾಸಣಿ ಮಾಡಿಸಬೇಕ್ರಿ. ದುಬೈದಾಗೂ ಪರವಾನಗಿ ಬೇಕು. ಇಲ್ಲೂ ಕಾನೂನು ಐತಿ, ಕೇಳಾವ್ರಿಲ್ಲ."

"ನಮ್ಮನ್ನೂ ಕೇಳಾವ್ರಿಲ್ಲ. ಅದಕ್ಕ ಕುಂತೇವಿ."

ತಂಗಿಯ ಕುಬಸಕ್ಕೆ ಹುಕ್ಕೇರಿಗೆ ಹೊರಟಿದ್ದ. ಪಕ್ಕದಲ್ಲಿ ಅವನ ಅವ್ವ ಹೋಳಿಗೆಯ ಬುಟ್ಟಿ ಹಿಡಿದು ಕೂತಿದ್ದಳು. ಬಸುರಿಯ ಕಾರ್ಯಕ್ಕೆ ಅಡ್ಡ ಬರುವ ಚಳವಳಿ ನಮ್ಮದಲ್ಲ. ಎಲ್ಲರೂ ಎದ್ದು ದಾರಿ ಬಿಟ್ಟೆವು. ಕಾರು ನೆಟ್ಟಗೆ ತಗ್ಗಿಗಿಳಿದು, ಹೊಟ್ಟೆ ಊರಿ ಕೂತುಬಿಟ್ಟಿತು. ನೂಕಿದರೂ ಅಲುಗಲಿಲ್ಲ. ಎರಡೂ ಕಡೆ ಗಾಡಿಗಳು ಸಾಲುಗಟ್ಟಿದವು.

ಪೊಲೀಸರು ಬಂದು "ಏಳ್ರಿ ಮ್ಯಾಲೆ!" ಎಂದು ಗದರಿದರು. ನಾವು ಆಗಲೇ ಎದ್ದು ನಿಂತಿದ್ದೆವು. ಕೂತಿದ್ದು ಕಾರು. ಅವ್ವ ಬುಟ್ಟಿ ಬಿಚ್ಚಿ, "ತಿನ್ರಪ್ಪಾ, ನಾ ಇನ್ನ ಹುಕ್ಕೇರಿ ಮುಟ್ಟಿದಂಗ!" ಎಂದು ಪೊಲೀಸರಿಗೂ ನಮಗೂ ಹೋಳಿಗೆ ಹಂಚಿದಳು.

ಆ ಸಾಲಿನಲ್ಲಿ ರಸ್ತೆ ಇಲಾಖೆಯ ದೊಡ್ಡ ಸಾಹೇಬರ ಜೀಪೂ ಸಿಕ್ಕಿಕೊಂಡಿತ್ತು. ನಮ್ಮ ಘೋಷಣೆಗೆ ಬಾರದ ಗರಸುಮಣ್ಣಿನ ಟ್ರ್ಯಾಕ್ಟರು ಸಾಹೇಬರ ಒಂದೇ ಫೋನಿಗೆ ಓಡಿ ಬಂತು. ಕಾರನ್ನು ಎಳೆದು ತೆಗೆದರು, ತಗ್ಗು ಮುಚ್ಚಿದರು. ಮರುದಿನವೇ ಸಾಲಿ ಬಸ್ಸು ಬಂತು.

ಮೂಡಲಗಿ ರಸ್ತೆಯಲ್ಲಿ ಇದಕ್ಕಿಂತ ದೊಡ್ಡ ತಗ್ಗಿದೆ. ಅಲ್ಲಿಗೂ ಆ ಕಾರಿನವನನ್ನು ಕರೆಯಲು ಗೋಕಾಕದ ಮನೆಗೇ ಹೋದೆ.

"ಬರ್ತೀನ್ರಿ ಅಣ್ಣಾ, ಆದ್ರ ಗಾಡಿ ಈಗ ಎತ್ತರ ಮಾಡಿಸೇನಿ," ಎಂದ.

ನಮ್ಮ ಸಂಘಟನೆಯಲ್ಲಿ ಕೆಲಸ ಆಗುವಂತೆ ಕೂರಬಲ್ಲವನು ಅವನೊಬ್ಬನೇ ಇದ್ದ. ಅವನೂ ಎದ್ದುಬಿಟ್ಟ.