ಅಪ್ಪನ ಒಂದು ಸಾಲಿನ ಪಾತ್ರ

ಎಪ್ಪತ್ತು ಸಮೀಪಿಸುವವರೆಗೂ ನಮ್ಮಪ್ಪ ಕ್ಯಾಮೆರಾ ಮುಂದೆ ನಿಂತದ್ದು ಒಂದೇ ಸಲ, ಅದೂ ಆಧಾರ್ ಕಾರ್ಡಿಗೆ. "ಕುರಿ ಕದ್ದು ಸಿಕ್ಕಿಬಿದ್ದೋನ ಥರ ಬಂದೀನಿ" ಅಂತ ಆ ಕಾರ್ಡನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಹರಿಯಬ್ಬೆಯಲ್ಲಿ ಹುಟ್ಟಿ, ಕುರಿಗಳ ಹಿಂದೆ ನಡೆದೇ ಆಯಸ್ಸು ಸವೆಸಿದವನು. ಒಂದು ಸಲವಾದರೂ ತನ್ನ ಮುಖ ನೆಟ್ಟಗೆ ನಾಲ್ಕು ಜನಕ್ಕೆ ಕಾಣಬೇಕು ಅನ್ನುವ ಆಸೆ ಅವನಿಗಿತ್ತು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ.

ಚಿತ್ರದುರ್ಗದ ಕೋಟೆಯಲ್ಲಿ ರಾಜರ ಕಾಲದ ಸಿನಿಮಾ ತೆಗೆಯುತ್ತಾರೆ, ಸುತ್ತಲ ಊರಿನ ಜನ ಬೇಕಂತೆ ಅನ್ನುವ ಸುದ್ದಿ ಹೊಸದುರ್ಗದಲ್ಲಿ ಟೀಚರಾಗಿರುವ ನನ್ನ ಕಿವಿಗೂ ಬಿತ್ತು. ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಅದರಲ್ಲಿ ಸಹಾಯಕ ನಿರ್ದೇಶಕಿ. ಯಾರ ಮುಲಾಜಿಗೂ ಅರ್ಧ ಅಂಕ ಜಾಸ್ತಿ ಹಾಕದ ನಾನು ಅವಳ ಬೆನ್ನುಬಿದ್ದು ಅಪ್ಪನಿಗೊಂದು ಪಾತ್ರ ಗಿಟ್ಟಿಸಿದೆ.

ಕತೆ ಹೀಗಿತ್ತು. ಕೆರೆಯ ಕೆಳಗಿನ ಒಂದು ಊರನ್ನು ರಾಜ ತನ್ನ ಬೀಗರಿಗೆ ಬರೆದುಕೊಡಲು ಹೊರಡುತ್ತಾನೆ. ಮನಸ್ಸು ಒಪ್ಪದ ಕಾಗದಕ್ಕೆ ಮುದ್ರೆ ಒತ್ತಲಾರೆ ಎಂದು ಮಂತ್ರಿ ಕೂತುಬಿಡುತ್ತಾನೆ. ಅವನನ್ನು ಮುಗಿಸಲು ರಾಜ ಸಾಕ್ಷಿಗಳನ್ನು ಕರೆಸುತ್ತಾನೆ. ಅವರಲ್ಲೊಬ್ಬ ನಮ್ಮಪ್ಪ. ಮಾತು ಒಂದೇ: "ಹೌದು ದೊರೆ, ನಾನು ಕಣ್ಣಾರೆ ಕಂಡೆ." ಕತೆ ನನಗೆ ಗೊತ್ತಿತ್ತು. ಅಪ್ಪನಿಗೆ ನಾನು ಹೇಳಿದ್ದು ಆ ಸಾಲು ಮಾತ್ರ.

ತಿಂಗಳುಗಟ್ಟಲೆ ಅದನ್ನೇ ಜಪಿಸಿದ. ಕುರಿಗಳಿಗೆ ಹೇಳಿದ, ಬೇಲಿಗೆ ಹೇಳಿದ, ಉಣ್ಣುವಾಗ ಅವ್ವನಿಗೆ ಹೇಳಿದ. "ಏನ್ ಕಂಡ್ರಿ, ಅದ್ನೂ ಒಂದ್ಸಲ ಹೇಳಿ ಮುಗಿಸ್ರಿ!" ಅಂತ ಅವ್ವ ರೇಗಿದಳು. ಮೀಸೆಯನ್ನಂತೂ ಕೂಸಿನ ಹಾಗೆ ಸಾಕಿದ. ಆದಿವಾಲದ ಬೀಗರವರೆಗೂ ಸುದ್ದಿ ಮುಟ್ಟಿತ್ತು.

ಮನೆಯ ಕಂಬಳಿ ಇದ್ದರೆ ಹೊದ್ದು ಬನ್ನಿ ಅಂದಿದ್ದರು ಸಿನಿಮಾದವರು. ಅವ್ವ ಹಳೇದು ಎತ್ತಿಟ್ಟಿದ್ದಳು. ಅಪ್ಪ ಚೆಂದ ಕಾಣಬೇಕೆಂದು ಟ್ರಂಕಿನಲ್ಲಿದ್ದ ಕರಿ ಕಂಬಳಿಯನ್ನೇ ತೆಗೆದ. ನನ್ನ ಮದುವೆಯಲ್ಲಿ ಗದ್ದುಗೆ ಹಾಸಿದ್ದು ಅದನ್ನೇ. ಮದುವೆಯಾಗಲಿ ದೇವರ ಕಾರ್ಯವಾಗಲಿ, ನಮ್ಮವರಿಗೆ ಕಂಬಳಿ ಹಾಸದೆ ನಡೆಯುವುದಿಲ್ಲ. ಅದನ್ನು ಮುಟ್ಟಿ ಆಡಿದ ಮಾತಿಗೆ ಎರಡನೇ ಸಾಕ್ಷಿ ಕೇಳುವ ಪದ್ಧತಿಯೂ ಇಲ್ಲ.

ಶೂಟಿಂಗಿನ ದಿನ ಕೋಟೆಯಲ್ಲಿ ನಿರ್ದೇಶಕರ ಕಣ್ಣಿಗೆ ಆ ಕಂಬಳಿ ಬಿತ್ತು. ಅಪ್ಪನ ಹೆಗಲಿಂದ ತೆಗೆಸಿ, ಸಿಂಹಾಸನದ ಮುಂದೆ ಹಾಸಿಸಿದರು. "ಅಜ್ಜಾ, ಇದನ್ನ ಮುಟ್ಟಿ ನಿಮ್ಮ ಮಾತು ಹೇಳಿ."

"ಆ ಮಂತ್ರಿ ಏನ್ ಮಾಡ್ಯಾನೆ ಸ್ವಾಮಿ?" ಅಂದ ಅಪ್ಪ.

"ಏನೂ ಮಾಡಿಲ್ಲ. ನೀವು ಸುಳ್ಳು ಹೇಳ್ತಿದೀರಿ, ಅಷ್ಟೇ."

ಕ್ಯಾಮೆರಾ ಓಡಿತು. ಅಪ್ಪ ಬಗ್ಗಿದ. ಕಂಬಳಿಯ ಅಂಚು ಹಿಡಿದು ಎತ್ತಿದ, ಎರಡು ಸಲ ಕೊಡವಿದ, ಹೆಗಲಿಗೆ ಹಾಕಿಕೊಂಡು ರಾಜನಿಗೆ ಬೆನ್ನು ತಿರುಗಿಸಿ ನಡೆದುಬಿಟ್ಟ. ಕಟ್ ಅನ್ನುವುದೇ ಯಾರಿಗೂ ಹೊಳೆಯಲಿಲ್ಲ.

ನಾನು ಹಿಂದೆ ಓಡಿದೆ. "ಅಪ್ಪಾ, ಇದು ಸಿನಿಮಾ! ಎಲ್ಲಾ ಸುಳ್ಳೇ!"

"ಸಿನಿಮಾ ಸುಳ್ಳು ಕಣವ್ವ. ಕಂಬ್ಳಿ ನಿಜ ಐತಲ್ಲ."

ಬೇರೆ ಕಂಬಳಿ, ಬೇರೆ ಅಜ್ಜ ಬಂದು ಕೆಲಸ ಮುಂದುವರಿಯಿತು. ಹಿರಿಯೂರಿನ ಬಸ್ಸಿನಲ್ಲಿ ನನ್ನ ನಾಲಿಗೆಗೆ ಮೂಳೆ ಇರಲಿಲ್ಲ. "ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕ್ದೆ. ಕುರಿ ಕಾಯೋದಷ್ಟೇ ನಿನ್ ಹಣೇಲಿರೋದು" ಅಂದುಬಿಟ್ಟೆ. ಅವನ ಕುರಿಗಳೇ ನನ್ನನ್ನು ಓದಿಸಿದ್ದವು. ಐಮಂಗಲ ದಾಟುವವರೆಗೂ ಅಪ್ಪ ಕಿಟಕಿಯಾಚೆ ನೋಡುತ್ತಿದ್ದ. ಮನೆಗೆ ಹೋದವನೇ ಮೀಸೆ ಬೋಳಿಸಿಕೊಂಡ.

ಮರುವರ್ಷ ಸಿನಿಮಾ ಹಿರಿಯೂರಿಗೆ ಬಂತು. ಅಪ್ಪ ಬರುವುದಿಲ್ಲ ಅಂದ. ಮಂಡಕ್ಕಿ ಮೆಣಸಿನಕಾಯಿ ಕೊಡಿಸ್ತೀನಿ ಅಂತ ಪುಸಲಾಯಿಸಿ ಎಳೆದುಕೊಂಡು ಹೋದೆವು. ಥಂಡಿ ಅಂತ ಅದೇ ಕಂಬಳಿ ಹೊದ್ದು ಬಂದಿದ್ದ.

ಸಾಕ್ಷಿಗಳ ದೃಶ್ಯ ಬಂತು. ಬೇರೆ ಅಜ್ಜ ಕಂಬಳಿ ಮುಟ್ಟಿ, ಕಣ್ಣಾರೆ ಕಂಡೆ ಅಂದ. ಉಳಿದವರೂ ಅಂದರು. ಮಂತ್ರಿ ತಲೆ ತಗ್ಗಿಸಿದ. ಆಮೇಲೆ ನಾನು ಕನಸಲ್ಲೂ ಎಣಿಸದ್ದು ತೆರೆಯ ಮೇಲೆ ಬಂತು. ಆ ಗುಂಪಿನಿಂದ ಒಬ್ಬ ಮುದುಕ ಕಂಬಳಿ ಕೊಡವಿ, ಹೆಗಲಿಗೇರಿಸಿ, ರಾಜನಿಗೆ ಬೆನ್ನು ಹಾಕಿ ನಡೆದುಹೋದ. ಕೋಟೆಯ ಬಂಡೆಗಳ ನಡುವೆ ಮರೆಯಾಗುವವರೆಗೂ ಆ ಬೆನ್ನನ್ನೇ ತೋರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಮಂತ್ರಿ ಸತ್ತಾಗಲೂ ಅಳದ ನಾನು ಅಲ್ಲಿ ಬಿಕ್ಕಿಬಿಕ್ಕಿ ಅತ್ತೆ. ಅವ್ವ ಸೆರಗು ಕೊಟ್ಟಳು.

ಹೊರಗೆ ಬಂದ ಮೇಲೆ, "ಬಸ್ಸಲ್ಲಿ ಹಂಗಂದಿದ್ದು ತಪ್ಪಾತಪ್ಪ" ಅಂದೆ. ಅವನಿಗೆ ಅದರ ಮೇಲೆ ಗ್ಯಾನವೇ ಇರಲಿಲ್ಲ.

"ಅದಿರ್ಲಿ ಬಿಡು. ನಂಗೆ ದೂರದ್ದು ಮಬ್ಬು, ನನ್ ಮುಖ ಕಾಣ್ತೇನವ್ವ?"

ಬೆನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ. ಆದರೆ ಆ ಕಣ್ಣಿನ ಆಸೆ ನೋಡಿ ನನ್ನ ಬಾಯಿಂದ ಬಂದದ್ದು, "ಕಾಣ್ತಪ್ಪ, ಚೆನ್ನಾಗಿ ಕಾಣ್ತು. ನಾನೇ ಕಣ್ಣಾರೆ ಕಂಡೆ."

ಅಪ್ಪ ಮಂಡಕ್ಕಿ ಪೊಟ್ಟಣವನ್ನು ಅವ್ವನ ಕೈಗಿಟ್ಟ. ಹೆಗಲ ಮೇಲಿನ ಕಂಬಳಿಯ ಅಂಚನ್ನು ನನ್ನ ಮುಂದೆ ಹಿಡಿದ.

"ಮುಟ್ಟಿ ಹೇಳು, ನೋಡಾಣ."

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡೆ.