ಮೆಕ್ಕೆಜೋಳದ ದಾರಿ

ಕಾಗದದಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು. ಹತ್ತಕ್ಕೆ ಫಿದೆಲೀನಾ ಉತ್ತರ ಬರೆದಾಗಿತ್ತು. ರೋಗಿಯ ಹೆಸರು, ನಿಕೊಲಾಸಾ. ವಯಸ್ಸು, ಮೂವತ್ತೆಂಟು. ಊರು, ಸಾನ್ ಕಾಸಿಯಾನೊ. ಐದನೆಯದು ಮಾತ್ರ ಖಾಲಿ ಉಳಿದಿತ್ತು: ಕಾಯಿಲೆ ಶುರುವಾದದ್ದು ಯಾವಾಗ?

ದಿನ ಅವಳಿಗೆ ಗೊತ್ತಿತ್ತು. ಹೊತ್ತೂ ಗೊತ್ತಿತ್ತು. ಅದಕ್ಕೇ ಬೆಳಗಿನಿಂದ ಕೂತಲ್ಲಿ ಕೂರಲಾರದೆ ಒಲೆಗೂ ಬಾಗಿಲಿಗೂ ಓಡಾಡುತ್ತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಎರಡು ಸಲ ಸೀದಿತ್ತು. ಕಾಫಿ ಬಗ್ಗಿಸಿಕೊಂಡು ಕುಡಿಯದೆ ಮರೆತಿದ್ದಳು.

ಮಧ್ಯಾಹ್ನ ಆರೋಗ್ಯ ಇಲಾಖೆಯ ಜೀಪು ಬೆಟ್ಟ ಹತ್ತಿ ಬರುತ್ತದೆ. ಕೊಲಾಸಾಳನ್ನು, ಊರೆಲ್ಲ ನಿಕೊಲಾಸಾಳನ್ನು ಕರೆಯುವುದು ಹಾಗೆ, ರಾಜಧಾನಿಯ ಹುಚ್ಚಾಸ್ಪತ್ರೆಗೆ ಒಯ್ಯುತ್ತದೆ. ಅಲ್ಲಿಗೆ ಹೋದವರು ಮರಳಿ ಬಂದದ್ದನ್ನು ಈ ಊರು ಕಂಡಿಲ್ಲ. ಊರಿನ ಆರೋಗ್ಯ ಕಾರ್ಯಕರ್ತೆ ಸಹಿ ಹಾಕದಿದ್ದರೆ ಜೀಪಿನವರು ಕರೆದೊಯ್ಯುವಂತಿಲ್ಲ. ಆ ಕಾರ್ಯಕರ್ತೆ ಫಿದೆಲೀನಾ.

ಅಂತರ್ಯುದ್ಧದ ಕಾಲದಲ್ಲಿ ಸರ್ಕಾರದ ಸೈನಿಕರು ಬರುವ ಸುಳಿವು ಸಿಕ್ಕರೆ ಊರಿಗೆ ಊರೇ ಕಾಡು ಹಿಡಿಯುತ್ತಿತ್ತು. ಹೊರಡುವ ಮುಂಚೆ ನಾಯಿಗಳನ್ನು ಕೊಲ್ಲುತ್ತಿದ್ದರು, ಹುಂಜಗಳ ಕೊಕ್ಕಿಗೆ ಬಟ್ಟೆ ಬಿಗಿಯುತ್ತಿದ್ದರು. ಸದ್ದು ಅಂದರೆ ಸಾವು. ಯುದ್ಧ ಮುಗಿದು ಮೂರು ವರ್ಷವಾಗಿದೆ. ಕೊಲಾಸಾಳಿಗೆ ಮುಗಿದಿಲ್ಲ. ನಡು ಮಧ್ಯಾಹ್ನ ಯಾರದೋ ಬೇಲಿ ಹಾರುತ್ತಾಳೆ, ಹುಂಜ ಹಿಡಿದು ಕೊಕ್ಕು ಕಟ್ಟಿ ಹೋಗುತ್ತಾಳೆ. ಹೊಲಕ್ಕೆ ಹೋದವರು ಸಂಜೆ ಬರುವಷ್ಟರಲ್ಲಿ ಹಕ್ಕಿ ಬಾಯಾರಿ ಸತ್ತಿರುತ್ತದೆ. ಎರಡು ತಿಂಗಳಲ್ಲಿ ಏಳು ಹುಂಜ.

"ಹೊರಟ್ಯಾ?" ಪಕ್ಕದ ಮನೆಯ ತೊಯಾ ಬೇಲಿಯಾಚೆಯಿಂದ ಕೂಗಿದಳು. ಏಳರಲ್ಲಿ ಮೂರು ಅವಳವೇ. "ಕೊಲಾಸಾನ್ನ ಕಳಿಸೋ ಮೀಟಿಂಗಿಗೆ ಎಲ್ಲ ಬಂದಿದ್ದಾರೆ. ತಲೆ ಡಾಕ್ಟರಮ್ಮ ಮಾತ್ರ ಇನ್ನೂ ತಲೆ ಬಾಚ್ತಾ ಇದಾಳೆ ಅಂತ ರೊಸಾಲಿಯೊ ನಗ್ತಿದ್ದಾನೆ."

"ಬಂದೆ ಕಣೇ. ನಿನ್ನ ಬಾಯಿಗೂ ಯಾರಾದ್ರೂ ಒಂದು ಬಟ್ಟೆ ಕಟ್ಟಬಾರದಾ!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ತೊಯಾ ನಗಲಿಲ್ಲ.

ಫಿದೆಲೀನಾ ಹುಟ್ಟಿದ್ದು ಯಾರದೋ ಕಾಫಿ ತೋಟದ ಕೂಲಿ ಸಾಲಿನಲ್ಲಿ. ಒಂಬತ್ತನೇ ವಯಸ್ಸಿಗೇ ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಹಣ್ಣು ಕೊಯ್ದವಳು. ಗಂಡ ಗೆರಿಲ್ಲಾಗಳ ಜೊತೆ ಬೆಟ್ಟ ಹತ್ತಿದ, ಇಳಿಯಲಿಲ್ಲ. ಅಕ್ಷರ ಕಲಿತದ್ದು ಮೂವತ್ತಮೂರಕ್ಕೆ, ಗಡಿಯಾಚೆಯ ಹೊಂಡುರಾಸಿನ ನಿರಾಶ್ರಿತರ ಗುಡಾರದಲ್ಲಿ, ಹಾಲಿನ ಪುಡಿಯ ರಟ್ಟಿನ ಮೇಲೆ. ಸೂಜಿ ಚುಚ್ಚುವುದನ್ನು ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಕಲಿತಳು. ಊರಿಗೆ ಮರಳಿದ ಮೇಲೆ ರಾಜಧಾನಿಯಿಂದ ಮನಶ್ಶಾಸ್ತ್ರದ ಮೇಡಂ ಒಬ್ಬರು ಬರತೊಡಗಿದರು. ನಿದ್ದೆ ಬಾರದವರು, ನಗುವುದನ್ನು ಬಿಟ್ಟವರು, ಕುಡಿದು ಹೆಂಡತಿಯನ್ನು ಬಡಿಯುವವರು, ಇವರ ಜೊತೆ ಹೇಗೆ ಕೂರಬೇಕೆಂದು ಆಕೆ ಕಲಿಸಿದರು.

"ಕಾಯಿಲೆ ಅವಳ ತಲೆಯೊಳಗಿದೆ ಅಂತ ಬರೆದು ಕೈ ತೊಳೆದುಕೊಳ್ಳಬೇಡಿ," ಅನ್ನುತ್ತಿದ್ದರು ಮೇಡಂ. "ಅವಳಿಗೆ ಏನು ಮಾಡಿದರು, ಯಾರು ಮಾಡಿದರು, ಆಮೇಲೆ ಯಾರು ಯಾರು ಸುಮ್ಮನಿದ್ದರು, ಅದನ್ನು ಕೇಳಿ."

ಕೊನೆಯ ಮಾತು ಬಂದಾಗಲೆಲ್ಲ ಫಿದೆಲೀನಾ ಕಿಟಕಿಯಾಚೆ ನೋಡುತ್ತಿದ್ದಳು.

ತಿಂಗಳಿಗೊಮ್ಮೆ ಪ್ರಾರ್ಥನಾ ಮಂದಿರದ ನೆಲದ ಮೇಲೆ ಊರವರು ತಾವು ಓಡಿದ ದಾರಿಯನ್ನು ಬಿಡಿಸುತ್ತಿದ್ದರು. ಬೆಟ್ಟಕ್ಕೆ ಕಲ್ಲು, ನದಿಗೆ ನೀಲಿ ಶಾಲು, ಜನಕ್ಕೆ ಮೆಕ್ಕೆಜೋಳದ ಕಾಳು. ಕಾಳುಗಳನ್ನು ಬೆರಳಲ್ಲಿ ಮುಂದೆ ಮುಂದೆ ಸರಿಸುತ್ತ, ಇಲ್ಲಿ ನನ್ನ ಅಣ್ಣ ಬಿದ್ದ, ಇಲ್ಲಿ ಮೂರು ದಿನ ಬೇರು ತಿಂದೆವು, ಎನ್ನುತ್ತ ಅಳುತ್ತಿದ್ದರು, ಒಮ್ಮೊಮ್ಮೆ ನಗುತ್ತಿದ್ದರು. ಆದರೆ ನದಿ ದಾಟಿದ ಕಾಳುಗಳು ಪ್ರತಿ ಸಲವೂ ನೇರ ಗಡಿಗೆ ಹಾರುತ್ತಿದ್ದವು. ನಡುವೆ ನೆಲದೊಳಗೆ ತೋಡಿದ ಅಡಗುಗುಂಡಿಯೊಂದಿತ್ತು. ಅದರಲ್ಲಿ ಮೂವತ್ತೊಂದು ಜನ ಒಂದು ಹಗಲು ಪೂರ್ತಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಅದಕ್ಕೆ ಯಾರೂ ಕಲ್ಲಿಡಲಿಲ್ಲ. ಮೇಡಂ ಫೋಟೊ ತೆಗೆದು, "ಎಷ್ಟು ಪೂರ್ಣವಾಗಿದೆ!" ಅಂದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಫಿದೆಲೀನಾ.

ಆ ಗುಂಡಿಯ ಬಗ್ಗೆ ಊರಲ್ಲಿ ಒಂದೇ ಮಾತಿತ್ತು, ಅದೂ ಪಿಸುಮಾತು: ಕೊಲಾಸಾ ತನ್ನ ನಾಲ್ಕು ತಿಂಗಳ ಕೂಸಿನ ಬಾಯಿ ಒತ್ತಿ ಹಿಡಿದಳು, ಪಾಪ.

ಮಂದಿರದಲ್ಲಿ ಸೆಕೆ. ಊರ ಸಮಿತಿಯ ಅಧ್ಯಕ್ಷ ರೊಸಾಲಿಯೊ ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಕೊಲಾಸಾ ಒಳಗೆ ಬರಲಿಲ್ಲ. ಬಾಗಿಲಾಚೆಯ ಬಿಸಿಲಿನಲ್ಲಿ ಹೋಗುತ್ತಿದ್ದಳು, ಬರುತ್ತಿದ್ದಳು. ಅವಳ ಬರಿಗಾಲಿನ ಸಪ್ಪಳ ಒಳಗಿನವರಿಗೆಲ್ಲ ಕೇಳುತ್ತಿತ್ತು.

"ಕಾಗದ ಓದಿ ಸಹಿ ಹಾಕಿಬಿಡು ತಾಯಿ," ಅಂದ ರೊಸಾಲಿಯೊ. "ಅವಳ ಒಳ್ಳೇದಕ್ಕೇ ಅಲ್ವಾ? ಅಲ್ಲಿ ಹಾಸಿಗೆ ಇದೆ, ಮಾತ್ರೆ ಇದೆ."

"ಹುಂಜ ಇಲ್ಲ," ಅಂದರು ಹಿಂದಿನಿಂದ ಯಾರೋ. ಸಣ್ಣ ನಗೆ ಎದ್ದು ಅಡಗಿತು.

ಫಿದೆಲೀನಾ ಎದ್ದು ನಿಂತಳು. "ಐದನೇ ಪ್ರಶ್ನೆಗೆ ಉತ್ತರ ಬೇಕು. ಇದು ಶುರುವಾದದ್ದು ಯಾವಾಗ?"

"ಎರಡು ತಿಂಗಳಾಯ್ತು ಅಂತ ಬರಿ," ಅಂದಳು ತೊಯಾ. "ನನ್ನ ಕೆಂಪು ಹುಂಜ ಸತ್ತ ದಿನ."

"ಸುಳ್ಳು ಬರೀಲಾ?"

ಫಿದೆಲೀನಾ ಮೂಲೆಯಲ್ಲಿದ್ದ ಕಲ್ಲು ಕಾಳಿನ ಡಬ್ಬಿ ತಂದು ನೆಲದ ಮೇಲೆ ಕೂತಳು. ಕಲ್ಲು ಇಟ್ಟಳು, ಶಾಲು ಹಾಸಿದಳು. ಮೂವತ್ತೊಂದು ಕಾಳು ಎಣಿಸಿ ನದಿ ದಾಟಿಸಿದಳು. ಆಮೇಲೆ ಗಡಿಗೆ ಹಾರಿಸದೆ, ಎಲ್ಲವನ್ನೂ ಒಂದು ತೆಂಗಿನ ಗೆರಟೆಯ ಕೆಳಗೆ ಒತ್ತೊತ್ತಾಗಿ ಮುಚ್ಚಿದಳು.

"ಸಾಕು ನಿಲ್ಲಿಸು, ಫಿದೆ," ಅಂದ ರೊಸಾಲಿಯೊ. ದನಿ ಗಡುಸಾಗಿರಲಿಲ್ಲ, ಬೇಡಿಕೊಳ್ಳುವ ಹಾಗಿತ್ತು.

"ಮೇಲೆ ಬೂಟಿನ ಸದ್ದು," ಫಿದೆಲೀನಾ ಗೆರಟೆಯನ್ನೇ ನೋಡುತ್ತ ಹೇಳಿದಳು. "ಕೂಸು ಅಳೋಕೆ ಶುರು ಮಾಡ್ತು. ಕೊಲಾಸಾಗೆ ಎದೆಹಾಲು ಬತ್ತಿ ಮೂರು ದಿನ ಆಗಿತ್ತು. ಅವಳು ಕೂಸಿನ ಬಾಯಿ ಮೇಲೆ ಬರೀ ಅಂಗೈ ಇಟ್ಟಿದ್ದಳು, ಹಗುರವಾಗಿ. ತಲೆವಸ್ತ್ರ ನಂದು. ಮಡಚಿ ಬಾಯಿಗೆ ತುರುಕಿದವಳು ನಾನು. ಅವಳ ಕೈ ಮೇಲೆ ನನ್ನ ಕೈ ಇಟ್ಟು ಒತ್ತಿದೆ. ಅವಳು ಬಿಡಿಸಿಕೊಳ್ಳೋಕೆ ನೋಡಿದಳು. ನಾನು ಬಿಡಲಿಲ್ಲ. ಹದಿಮೂರು ವರ್ಷ ನೀವೆಲ್ಲ 'ಕೊಲಾಸಾ ಒತ್ತಿದಳು' ಅಂದಾಗ ನಾನೂ ಹೂಂ ಅಂದೆ."

ಹೊರಗಿನ ಹೆಜ್ಜೆ ಸಪ್ಪಳ ನಿಂತಿತ್ತು.

ಒಬ್ಬ ಮುದುಕ ಎದ್ದು ಟೋಪಿ ಹಾಕಿಕೊಂಡು ಸರಸರ ಹೊರಗೆ ಹೋದ. ತೊಯಾ ಎರಡು ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಬೆರಳುಗಳ ಸಂದಿಯಿಂದಲೇ ಅಂದಳು, "ಅವಳ ಬೆನ್ನಿಗೆ ಮೊಣಕೈ ಹಾಕಿ ತಿವಿದದ್ದು ನಾನು. ಸುಮ್ಮನಿರಿಸು, ಸುಮ್ಮನಿರಿಸು ಅಂತ. ನನ್ನ ಮಡಿಲಲ್ಲೂ ಎರಡು ಮಕ್ಕಳಿದ್ವಲ್ಲ."

"ನಾನು ಸನ್ನೆ ಮಾಡಿದೆ," ಅಂದ ರೊಸಾಲಿಯೊ. ಟೋಪಿ ಅವನ ಕೈಯಲ್ಲಿ ಮುದುರಿಹೋಗಿತ್ತು. "ಫಿದೆ ನನ್ನ ಮುಖ ನೋಡಿದಳು. ಹೂಂ ಅಂತ ಕಣ್ಣಲ್ಲೇ ಹೇಳಿದೆ. ಸೈನಿಕರು ತಿರುಗಾಡದೇ ಇದ್ದಿದ್ದರೆ ನಾವ್ಯಾಕೆ ಆ ಗುಂಡಿಯೊಳಗೆ ಇರ್ತಿದ್ವಿ? ಆದ್ರೂ ಹೂಂ ಅಂದವನು ನಾನೇ."

ಕೊಲಾಸಾ ಬಾಗಿಲಲ್ಲಿ ನಿಂತಿದ್ದಳು. ಈಗ ಕಿರುಚುತ್ತಾಳೆ, ಇಲ್ಲ ಮೈಮೇಲೆ ಬೀಳುತ್ತಾಳೆ, ಎಂದು ಫಿದೆಲೀನಾ ಕಾದಳು. ಬಿದ್ದಿದ್ದರೆ ಹಗುರಾಗುತ್ತಿತ್ತೇನೋ. ಕೊಲಾಸಾ ಅವಳ ಕಡೆ ನೋಡಲೂ ಇಲ್ಲ. ಬಂದು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಗೆರಟೆ ಎತ್ತಿ, ಕಾಳುಗಳನ್ನು ಬೆರಳಿಂದ ಕೆದಕಿದಳು.

"ಎಲ್ಲಿಟ್ರಿ?" ಅಂದಳು.

"ಏನು, ಕೊಲಾಸಾ?"

"ನನ್ನನ್ನ ಎತ್ಕೊಂಡು ಓಡಿದ್ರಿ. ಮಗೂನ ಎಲ್ಲಿಟ್ರಿ?"

ಇಷ್ಟು ವರ್ಷ ಫಿದೆಲೀನಾ ಎದೆಯಲ್ಲಿ ಉತ್ತರ ಹೊತ್ತು ತಿರುಗಿದ್ದು ಬೇರೆಯೇ ಪ್ರಶ್ನೆಗೆ.

"ಹಳ್ಳದ ಈಚೆ," ಅಂದ ರೊಸಾಲಿಯೊ ತಡವರಿಸುತ್ತ. "ಮಚ್ಚಿನಲ್ಲೇ ತೋಡಿದ್ದು. ಅತ್ತಿ ಮರದ ಬುಡ."

"ಅತ್ತಿ ಅಲ್ಲ, ಮಾರಾಯ," ತೊಯಾ ತಲೆ ಎತ್ತಿದಳು. "ಬಂಡೆ ಪಕ್ಕ. ದೊಡ್ಡದೊಂದು ಕಪ್ಪು ಬಂಡೆ ಇತ್ತು."

"ಬಂಡೆ ಹಳ್ಳದ ಆಚೆ ಕಡೆ ಇದ್ದದ್ದು!"

"ನಿನಗೆ ಆಗಲೂ ಎಡ ಬಲ ಗೊತ್ತಿರಲಿಲ್ಲ, ಈಗಲೂ ಇಲ್ಲ."

ಅವರ ಜಗಳ ಮುಗಿಯಲೆಂದು ಕೊಲಾಸಾ ಕಾಯಲಿಲ್ಲ. ಎದ್ದು ಹೊರಟೇಬಿಟ್ಟಳು, ಮೇಲಿನ ದಾರಿಗೆ. ಮೊದಲು ತೊಯಾ, ಆಮೇಲೆ ರೊಸಾಲಿಯೊ, ಹಿಂದೆ ಹದಿನೈದಿಪ್ಪತ್ತು ಜನ ಮಚ್ಚು ಗುದ್ದಲಿ ಹಿಡಿದು ಹೊರಟರು.

ಕೆಳಗಿನ ತಿರುವಿನಲ್ಲಿ ಜೀಪಿನ ಹಾರನ್ ಕೂಗಿತು. ಫಿದೆಲೀನಾ ಓಡಿ ಹೋಗಿ ಚಾಲಕನ ಕೈಗೆ ಕಾಗದ ತುರುಕಿದಳು.

"ಸಹಿ ಎಲ್ಲಿ, ಅಮ್ಮಾ? ರೋಗಿ ಎಲ್ಲಿ?"

"ರೋಗಿ ಒಬ್ಬಳೇ ಅಲ್ಲಪ್ಪ. ನಿನ್ನ ಜೀಪಿನಲ್ಲಿ ಹಿಡಿಸಲ್ಲ," ಅಂದವಳು ಅವನ ಮುಖ ನೋಡದೆ ಬೆಟ್ಟದ ಕಡೆ ತಿರುಗಿದಳು.

ಎರಡು ಗಂಟೆ ಏರಿದ ಮೇಲೆ ಹಳ್ಳ ಸಿಕ್ಕಿತು. ಹದಿಮೂರು ಮಳೆಗಾಲ ಕಂಡ ಹಳ್ಳ. ಅತ್ತಿ ಮರ ಒಂದಿದ್ದದ್ದು ಐದಾಗಿತ್ತು, ಬಂಡೆ ಯಾವುದೆಂದೇ ಗೊತ್ತಾಗದಂತೆ ಹುಲ್ಲು ಬೆಳೆದಿತ್ತು. ಮೊದಲ ಮರದ ಬುಡದಲ್ಲಿ ಅಗೆದರು. ಬೇರು. ಎರಡನೆಯದರಲ್ಲಿ ಕಲ್ಲು. ರೊಸಾಲಿಯೊ ಬೆವರು ಒರೆಸಿಕೊಂಡು ನಿಂತ. ಯಾರೂ ವಾಪಸು ಹೋಗೋಣ ಅನ್ನಲಿಲ್ಲ.

ಫಿದೆಲೀನಾ ಮೂರನೆಯ ಮರದ ಕೆಳಗೆ ಒಬ್ಬಳೇ ಮಂಡಿಯೂರಿ ಹುಲ್ಲು ಕೀಳುತ್ತಿದ್ದಳು. ಕೊಲಾಸಾ ಬಂದು ಎದುರಿಗೆ ನಿಂತಳು. ಬಹಳ ಹೊತ್ತು ಅವಳ ಕೈಗಳನ್ನೇ ನೋಡಿದಳು. ಕ್ಷಮೆಯ ಮಾತು ಕೊಲಾಸಾಳ ಬಾಯಿಂದ ಬರಲಿಲ್ಲ, ಫಿದೆಲೀನಾ ಕೇಳಲೂ ಇಲ್ಲ.

"ಅಲ್ಲಿ ಮಣ್ಣು ಗಟ್ಟಿ. ಈ ಕಡೆ ಅಗಿ," ಅಂದಳು ಕೊಲಾಸಾ.

ಫಿದೆಲೀನಾ ಆ ಕಡೆಗೆ ಸರಿದು ಅಗೆಯತೊಡಗಿದಳು.